ರಾಜನನ್ನು ಕೂರಿಸಿದ ಸಾಮಂತ: ವೇಮುಲವಾಡದ ಅರಿಕೇಸರಿ ಮತ್ತು ಅವನ ಮನೆತನ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದುವವರು ಇಲ್ಲಿಂದಲೇ ಶುರು ಮಾಡಬಹುದು.

ಯೂರೋಪಿನ ಡ್ಯೂಕುಗಳ ಬಗ್ಗೆ ಈಗ ಸೀರಿಯಲ್ಲುಗಳು ಸಾಲುಸಾಲಾಗಿ ಬರ್ತಿವೆ. ಕೋಟೆ, ಕುದುರೆ, ಮದುವೆ, ಮೋಸ, ಸಿಂಹಾಸನ. ಅದನ್ನೆಲ್ಲ ನೋಡಿದವರು ಕೇಳೋ ಪ್ರಶ್ನೆ ಒಂದೇ: ನಮ್ಮ ಕಡೆ ಇಂಥವರು ಇರಲಿಲ್ವಾ? ಇದ್ದರು. ಅದೂ ಬೆಂಗಳೂರು, ಮೈಸೂರಿನ ಹತ್ತಿರ ಅಲ್ಲ. ಹೈದರಾಬಾದಿನಲ್ಲಿರೋ ನಮಗೆ ಅವರ ರಾಜಧಾನಿ ಸುಮಾರು 150 ಕಿಲೋಮೀಟರ್ ದೂರ. ನಾರಾಯಣಗೂಡದಲ್ಲಿ ಗ್ರೀನ್ ಲೈನ್ ಮೆಟ್ರೋ ಹತ್ತಿ ಜೆಬಿಎಸ್‌ನಲ್ಲಿ ಇಳೀರಿ, ಅಲ್ಲಿಂದ ಸಿದ್ದಿಪೇಟೆ, ಸಿರಿಸಿಲ್ಲ ದಾರಿಯ ಬಸ್ ಹಿಡೀರಿ. ಬಸ್ಸಿನಲ್ಲಿ ನಿಮ್ಮ ಜೊತೆ ಕೂತವರು ಬಹುಪಾಲು ವೇಮುಲವಾಡ ರಾಜರಾಜೇಶ್ವರನ ಹರಕೆ ತೀರಿಸೋಕೆ ಹೊರಟ ಭಕ್ತರು. ಅದೇ ವೇಮುಲವಾಡದಲ್ಲಿ ಹತ್ತನೇ ಶತಮಾನದಲ್ಲಿ ಒಬ್ಬ ಸಾಮಂತ ಇದ್ದ. ಹೆಸರು ಇಮ್ಮಡಿ ಅರಿಕೇಸರಿ. ಅವನು ತನ್ನ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಚಕ್ರವರ್ತಿಯ ವಿರುದ್ಧವೇ ಯುದ್ಧ ಮಾಡಿ, ಇನ್ನೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸಿದ.

ಅವನ ಹೆಸರು ನಿಮಗೆ ಹೊಳೀತಿಲ್ಲ ಅಂದ್ರೆ ಇನ್ನೊಂದು ಸುಳಿವು ಕೊಡ್ತೀನಿ: ಪಂಪನಿಗೆ ಅನ್ನ ಹಾಕಿದವನು ಇವನೇ.

ಡ್ಯೂಕ್ ಅಂದ್ರೆ ಯಾರು, ಸಾಮಂತ ಅಂದ್ರೆ ಯಾರು

ಮೊದಲು ಪದಗಳನ್ನ ಬಿಡಿಸೋಣ. ಡ್ಯೂಕ್ ಅನ್ನೋದು ಲ್ಯಾಟಿನ್ನಿನ ‘ಡುಕ್ಸ್’ನಿಂದ ಬಂದಿದ್ದು. ದಂಡನ್ನು ಮುನ್ನಡೆಸುವವನು ಅಂತ ಅರ್ಥ. ನಮ್ಮ ‘ದಂಡನಾಯಕ’ ಪದಕ್ಕೆ ತೀರಾ ಹತ್ತಿರ. ‘ಸಾಮಂತ’ ಪದದ ಹಿಂದೆ ಇರೋದು ಬೇರೆ ಚಿತ್ರ. ‘ಸಮಂತ’ ಅಂದ್ರೆ ಸುತ್ತಲೂ. ಸಾಮಂತ ಅಂದ್ರೆ ಮೂಲದಲ್ಲಿ ಸುತ್ತಲಿನವನು, ನೆರೆಯವನು. ನೆರೆಯವನನ್ನು ಗೆದ್ದು ಅಥವಾ ಒಲಿಸಿಕೊಂಡು ಅವನ ನೆಲ ಅವನಿಗೇ ಬಿಟ್ಟು, ‘ಕಪ್ಪ ಕೊಡು, ಕರೆದಾಗ ಸೈನ್ಯ ತಗೊಂಡು ಬಾ’ ಅಂತ ಒಪ್ಪಂದ ಮಾಡಿಕೊಳ್ಳೋದು. ಕಾಲ ಕಳೆದಂತೆ ಆ ಪದಕ್ಕೆ ‘ಅಧೀನ ರಾಜ’ ಅನ್ನೋ ಅರ್ಥ ಗಟ್ಟಿಯಾಯ್ತು.

ಎರಡೂ ಕಡೆ ವ್ಯವಸ್ಥೆ ಮಾತ್ರ ಒಂದೇ ಥರ. ಮೇಲೆ ಒಬ್ಬ ರಾಜ. ಕೆಳಗೆ ತಮ್ಮದೇ ಸೈನ್ಯ, ತಮ್ಮದೇ ಆದಾಯ, ತಮ್ಮದೇ ವಂಶಾವಳಿ ಇರೋ ಮನೆತನಗಳು. ರಾಜ ಗಟ್ಟಿ ಇದ್ದಷ್ಟು ದಿನ ಇವರು ಕೈಕಟ್ಟಿ ನಿಂತಿರ್ತಾರೆ. ರಾಜ ಸಡಿಲ ಆದ ತಕ್ಷಣ ‘ಮುಂದಿನ ರಾಜ ಯಾರು’ ಅನ್ನೋ ಚರ್ಚೆ ಇವರ ಮನೆಯ ಪಡಸಾಲೆಯಲ್ಲಿ ನಡೆಯುತ್ತೆ.

936: ಲಾಂ ಊರಿನಲ್ಲಿ ಒಂದು ಪಟ್ಟಾಭಿಷೇಕ

ಅರಿಕೇಸರಿಯ ಸಮಕಾಲೀನ ಒಬ್ಬ ಫ್ರಾನ್ಸಿನಲ್ಲಿದ್ದ. ಹ್ಯೂ ದಿ ಗ್ರೇಟ್, ಫ್ರಾಂಕರ ಡ್ಯೂಕ್. ಇವನ ಅಪ್ಪ ರಾಬರ್ಟ್ ಸ್ವತಃ ರಾಜನಾಗಿ, 923ರಲ್ಲಿ ಯುದ್ಧದಲ್ಲಿ ಸತ್ತಿದ್ದ. ಮಗ ಆ ಕಿರೀಟಕ್ಕೆ ಕೈ ಹಾಕಲಿಲ್ಲ. ಅವನ ಅಕ್ಕತಂಗಿಯರಲ್ಲಿ ಒಬ್ಬಳಾದ ಎಮ್ಮಾಳ ಗಂಡ ರುಡಾಲ್ಫ್ ರಾಜನಾದ. 936ರಲ್ಲಿ ರುಡಾಲ್ಫ್ ಸತ್ತಾಗಲೂ ಹ್ಯೂ ತಾನು ಕೂರಲಿಲ್ಲ. ಇಂಗ್ಲೆಂಡಿನಲ್ಲಿ ತಾಯಿಯ ತವರುಮನೆಯಲ್ಲಿ ಬೆಳೀತಿದ್ದ ಹುಡುಗ ಲೂಯಿಯನ್ನು ಸಮುದ್ರ ದಾಟಿಸಿ ಕರೆಸಿದ. ಅದೇ ವರ್ಷ ಜೂನಿನಲ್ಲಿ ಲಾಂ ಊರಿನಲ್ಲಿ ಲೂಯಿಗೆ ಪಟ್ಟ ಕಟ್ಟಿದರು.

ಮದುವೆಗಳ ಲೆಕ್ಕ ನೋಡಿ, ಇನ್ನೂ ಮಜಾ ಇದೆ. ಲೂಯಿಯ ತಾಯಿ ಮತ್ತು ಹ್ಯೂನ ಎರಡನೇ ಹೆಂಡತಿ ಇಬ್ಬರೂ ಇಂಗ್ಲೆಂಡಿನ ರಾಜ ಎಡ್ವರ್ಡನ ಮಕ್ಕಳು. ಆಮೇಲೆ ಲೂಯಿ ಮತ್ತು ಹ್ಯೂ ಇಬ್ಬರೂ ಜರ್ಮನಿಯ ರಾಜ ಒಟ್ಟೋನ ಇಬ್ಬರು ಸೋದರಿಯರನ್ನು ಮದುವೆಯಾಗಿ ಷಡ್ಡಕರಾದರು. ಷಡ್ಡಕರಾದರೂ ಜಗಳ ನಿಲ್ಲಲಿಲ್ಲ. 945ರಲ್ಲಿ ಲೂಯಿ ನಾರ್ಮನ್ನರ ಕೈಗೆ ಸಿಕ್ಕಿಬಿದ್ದ. ಅವರಿಂದ ಹ್ಯೂನ ಕೈಗೆ ಬಂದ. ತಾನೇ ತಂದು ಕೂರಿಸಿದ ರಾಜನನ್ನು ಹ್ಯೂ ಸೆರೆಯಲ್ಲಿಟ್ಟು, ಅದೇ ಲಾಂ ಊರನ್ನು ಬರೆಸಿಕೊಂಡ ಮೇಲೆಯೇ ಬಿಟ್ಟ.

ಈ ಕಥೆ ತಲೆಯಲ್ಲಿರಲಿ. ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ದಖ್ಖನಿನಲ್ಲಿ ಏನಾಗ್ತಿತ್ತು ಅಂತ ಈಗ ನೋಡೋಣ.

ಬೋಧನದ ಆನೆಗಳು, ಗಂಗೆಯ ಕುದುರೆ

ಅರಿಕೇಸರಿಯ ಮನೆತನಕ್ಕೆ ಇತಿಹಾಸಕಾರರು ವೇಮುಲವಾಡ ಚಾಲುಕ್ಯರು ಅಂತಾರೆ. ಹೆಸರಲ್ಲೇ ಒಂದು ವ್ಯಂಗ್ಯ ಇದೆ. ಎಂಟನೇ ಶತಮಾನದ ನಡುವಿನಲ್ಲಿ ಬಾದಾಮಿ ಚಾಲುಕ್ಯರನ್ನು ಕೆಳಗಿಳಿಸಿದವರು ರಾಷ್ಟ್ರಕೂಟರು. ಈ ಮನೆತನ ಚಾಲುಕ್ಯ ಅನ್ನೋ ಹೆಸರನ್ನ ಹೆಮ್ಮೆಯಿಂದ ಹೊತ್ತುಕೊಂಡೇ ಎರಡು ಶತಮಾನ ಅದೇ ರಾಷ್ಟ್ರಕೂಟರ ಸೇವೆ ಮಾಡಿತು.

ಇವರ ವಂಶಾವಳಿ ನಮಗೆ ಸಿಗೋದು ಮುಖ್ಯವಾಗಿ ಮೂರು ಕಡೆ: ಪಂಪನ ವಿಕ್ರಮಾರ್ಜುನ ವಿಜಯದ ಮೊದಲ ಆಶ್ವಾಸ, ವೇಮುಲವಾಡದಲ್ಲಿ ಸಿಕ್ಕ ಅರಿಕೇಸರಿಯ ಸಂಸ್ಕೃತ ಶಾಸನ, ಮತ್ತು ಮಹಾರಾಷ್ಟ್ರದ ಪರ್ಭಣಿಯಲ್ಲಿ ಸಿಕ್ಕ ತಾಮ್ರಶಾಸನ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದಾಗಲೇ ಚಿತ್ರ ಪೂರ್ತಿಯಾಗೋದು. ಡೇಟಾ ಕೆಲಸ ಮಾಡೋರಿಗೆ ಇದು ಗೊತ್ತಿರೋ ವಿಷಯ: ಒಂದೇ ಟೇಬಲ್ ನಂಬಬಾರದು, ಜಾಯಿನ್ ಮಾಡಿ ನೋಡಬೇಕು.

ಮೂಲಪುರುಷ ಯುದ್ಧಮಲ್ಲ. ‘ಸಪಾದಲಕ್ಷ’, ಅಂದ್ರೆ ಒಂದೂಕಾಲು ಲಕ್ಷ ಅನ್ನೋ ಹೆಸರಿನ ನಾಡಿನ ಒಡೆಯ. ಅವನ ನೆಲೆ ಇವತ್ತಿನ ನಿಜಾಮಾಬಾದ್ ಜಿಲ್ಲೆಯ ಬೋಧನ್. ಅಲ್ಲಿ ಅವನು ಎಣ್ಣೆ ತುಂಬಿದ ಬಾವಿಗಳಲ್ಲಿ ಐನೂರು ಆನೆಗಳನ್ನು ಮೀಯಿಸುತ್ತಿದ್ದ ಅಂತ ಪಂಪ ಬರೀತಾನೆ. ಕವಿಯ ಲೆಕ್ಕ ಅಂತ ಸ್ವಲ್ಪ ಕಡಿಮೆ ಮಾಡಿಕೊಂಡರೂ ಒಂದು ವಿಷಯ ನಿಲ್ಲುತ್ತೆ: ಆನೆಪಡೆಯೇ ಈ ಮನೆತನದ ಬಂಡವಾಳ. ಅದನ್ನ ಸಾಕೋಕೆ ಗೋದಾವರಿ ದಂಡೆಯ ಕಾಡು ಇತ್ತು, ನೀರಿತ್ತು.

ಆಮೇಲೆ ಬರೋ ಹೆಸರುಗಳು ತಿರುಗಿ ತಿರುಗಿ ಬರ್ತವೆ: ಅರಿಕೇಸರಿ, ನರಸಿಂಹ, ಯುದ್ಧಮಲ್ಲ, ಬದ್ದೆಗ, ಮತ್ತೆ ಯುದ್ಧಮಲ್ಲ, ಮತ್ತೆ ನರಸಿಂಹ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ನಮ್ಮ ಮನೆಗಳ ಪದ್ಧತಿಯೇ. ಇವರಲ್ಲಿ ಇಬ್ಬರನ್ನ ಮಾತ್ರ ನಿಲ್ಲಿಸಿ ನೋಡೋಣ.

ಒಬ್ಬ ಬದ್ದೆಗ, ಅರಿಕೇಸರಿಯ ಮುತ್ತಜ್ಜ. ‘ಸೋಲದ ಗಂಡ’ ಅನ್ನೋ ಬಿರುದು. 42 ಕಾಳಗ ಗೆದ್ದವನು ಅಂತ ಖ್ಯಾತಿ. ವೆಂಗಿಯ ಚಾಲುಕ್ಯ ಭೀಮನನ್ನು, ನೀರಲ್ಲಿ ಮೊಸಳೆ ಹಿಡಿದ ಹಾಗೆ ಸೆರೆಹಿಡಿದ ಅಂತ ಪಂಪನ ವರ್ಣನೆ. ಅಂದ್ರೆ ರಾಷ್ಟ್ರಕೂಟರಿಗಾಗಿ ಒಬ್ಬ ಚಾಲುಕ್ಯ ಇನ್ನೊಬ್ಬ ಚಾಲುಕ್ಯನನ್ನ ಹಿಡಿದ. ಇವನು ವೇಮುಲವಾಡದಲ್ಲಿ ಕಟ್ಟಿಸಿದ ಬದ್ದೆಗೇಶ್ವರ ಗುಡಿ ಇವತ್ತಿಗೂ ಪೂಜೆಯಲ್ಲಿದೆ. ಜನ ಅದನ್ನ ಭೀಮೇಶ್ವರ ಅಂತಾರೆ. ಸೋತವನ ಹೆಸರೇ ಗುಡಿಗೆ ಉಳೀತಲ್ಲ ಅಂತ ನಗು ಬರಬಹುದು. ಭೀಮೇಶ್ವರ ಅನ್ನೋದು ಶಿವನಿಗೆ ಎಲ್ಲ ಕಡೆ ಇರೋ ಹೆಸರು. ಆದರೂ ಸುಂದರವಾದ ಕಾಕತಾಳೀಯ.

ಇನ್ನೊಬ್ಬ ಇಮ್ಮಡಿ ನರಸಿಂಹ, ಅರಿಕೇಸರಿಯ ಅಪ್ಪ. 916ರ ಹೊತ್ತಿಗೆ ರಾಷ್ಟ್ರಕೂಟ ಮುಮ್ಮಡಿ ಇಂದ್ರ ಕನೌಜಿನ ಮೇಲೆ ದಂಡೆತ್ತಿ ಹೋದಾಗ ಮುಂಚೂಣಿಯಲ್ಲಿದ್ದವನು. ಪ್ರತಿಹಾರ ಮಹೀಪಾಲ ಊಟ, ನಿದ್ದೆ ಬಿಟ್ಟು ಓಡಿದ, ನರಸಿಂಹ ತನ್ನ ಕುದುರೆಗಳನ್ನು ಗಂಗೆಯ ಸಂಗಮದಲ್ಲಿ ಮೀಯಿಸಿದ ಅಂತ ಪಂಪ ಹೇಳ್ತಾನೆ. ಕರೀಂನಗರದ ಪಕ್ಕದ ಊರಿನಿಂದ ಹೊರಟ ಕುದುರೆ ಗಂಗೆಯ ನೀರು ಕುಡಿದು ವಾಪಸ್ ಬಂತು.

ಸೋದರಮಾವನ ಮನೆ

ಇಂಥ ಸೇವೆಗೆ ಸಿಗೋ ಬಹುಮಾನ ಏನು? ಹೆಣ್ಣು ಕೊಡೋದು, ಹೆಣ್ಣು ತರೋದು.

ನರಸಿಂಹನ ಹೆಂಡತಿ ಜಾಕವ್ವೆ. ಅವಳು ಇಂದ್ರನ ಸೋದರಿ ಅಂತ ಇತಿಹಾಸಕಾರರು ಗುರುತಿಸ್ತಾರೆ. ಅವಳ ಮಗ ಅರಿಕೇಸರಿ. ಮುಂದೆ ಅರಿಕೇಸರಿಗೆ ಇಂದ್ರ ತನ್ನ ಮಗಳು ರೇವಕನಿರ್ಮಡಿಯನ್ನೇ ಕೊಟ್ಟ. ಅಂದ್ರೆ ಸೋದರಮಾವನೇ ಮಾವನೂ ಆದ. ನಮ್ಮಲ್ಲಿ ಎಷ್ಟೋ ಜನರ ಅಪ್ಪ-ಅಮ್ಮನ ಕಾಲದವರೆಗೂ ನಡೆದ ಸಂಬಂಧವೇ ಇದು. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಗೊತ್ತಿರೋ ಮನೆಗೇ ಹೋಗಬೇಕು. ಇಲ್ಲಿ ‘ಆಸ್ತಿ’ ಅಂದ್ರೆ ಗೋದಾವರಿ ಕಡೆಯ ಗಡಿ, ಅಷ್ಟೇ ವ್ಯತ್ಯಾಸ. ಅರಿಕೇಸರಿಗೆ ಲೋಕಾಂಬಿಕೆ ಅನ್ನೋ ಇನ್ನೊಬ್ಬ ರಾಣಿಯೂ ಇದ್ದಳು.

ಇಲ್ಲಿ ಒಂದು ಎಚ್ಚರಿಕೆ. ಹುಡುಕೋಕೆ ಹೋದರೆ ನಿಮಗೆ ಇನ್ನೊಬ್ಬ ರೇವಕ ಸಿಗ್ತಾಳೆ. ಅವಳು ಮುಮ್ಮಡಿ ಅಮೋಘವರ್ಷನ ಮಗಳು, ಮುಮ್ಮಡಿ ಕೃಷ್ಣನ ಅಕ್ಕ, ತಲಕಾಡಿನ ಗಂಗರ ಇಮ್ಮಡಿ ಬೂತುಗನ ಹೆಂಡತಿ. ಇಬ್ಬರನ್ನ ಒಬ್ಬಳೇ ಅಂತ ಮರ್ಜ್ ಮಾಡಿದರೆ ಕಥೆ ಪೂರ್ತಿ ಕೆಡುತ್ತೆ. ಬೇರೆ ಬೇರೆ ಇಟ್ಟು ನೋಡಿದರೆ ರಾಷ್ಟ್ರಕೂಟರ ಲೆಕ್ಕಾಚಾರ ಕಾಣುತ್ತೆ: ಈಶಾನ್ಯದ ಗಡಿಗೆ ಒಬ್ಬ ಅಳಿಯ, ದಕ್ಷಿಣದ ಗಡಿಗೆ ಒಬ್ಬ ಅಳಿಯ. ದಕ್ಷಿಣದ ಅಳಿಯ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಕಥೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಮೇಲಿದೆ. ಈಶಾನ್ಯದ ಅಳಿಯ ಏನು ಮಾಡಿದ ಅನ್ನೋದೇ ನಮ್ಮ ಕಥೆ.

ಬಾಮೈದನ ವಿರುದ್ಧ

928-29ರ ಹೊತ್ತಿಗೆ ಇಂದ್ರ ತೀರಿಕೊಂಡ. ಹಿರಿಯ ಮಗ ಇಮ್ಮಡಿ ಅಮೋಘವರ್ಷ ಪಟ್ಟಕ್ಕೆ ಬಂದವನು ಹೆಚ್ಚು ದಿನ ಉಳಿಯಲಿಲ್ಲ. ಅವನ ತಮ್ಮ ನಾಲ್ವಡಿ ಗೋವಿಂದ ಪಟ್ಟವೇರಿದ. ಅಣ್ಣನ ವಿಷಯದಲ್ಲಿ ತಮ್ಮ ಏನೋ ಮಾಡಿದ ಅನ್ನೋ ಗುಸುಗುಸು ಆಗಲೇ ಇದ್ದಿರಬೇಕು. ಯಾಕೆ ಅಂದ್ರೆ ಗೋವಿಂದ 930ರಲ್ಲಿ ಕೊಟ್ಟ ಖಂಭಾತಿನ ತಾಮ್ರಶಾಸನದಲ್ಲಿ ‘ಶಕ್ತಿ ಇದ್ದರೂ ಅಣ್ಣನ ಮೇಲೆ ಕ್ರೌರ್ಯ ತೋರಿಸಲಿಲ್ಲ’ ಅನ್ನೋ ಅರ್ಥದ ಮಾತು ಬರೆಸಿಕೊಂಡಿದ್ದಾನೆ. ಯಾರೂ ಕೇಳದೇ ಇದ್ದಾಗ ಯಾರೂ ಹೀಗೆ ಸಮಜಾಯಿಷಿ ಕೊಡೋದಿಲ್ಲ. ಪ್ರೊಡಕ್ಷನ್ ಡೌನ್ ಆದ ದಿನ ‘ನನ್ನ ಕಮಿಟ್ ಅಲ್ಲ’ ಅಂತ ಗ್ರೂಪಿನಲ್ಲಿ ಮೊದಲ ಮೆಸೇಜ್ ಹಾಕಿದವನ ಕಡೆಗೇ ಎಲ್ಲರೂ ತಿರುಗಿ ನೋಡ್ತಾರಲ್ಲ, ಹಾಗೆ.

ಗೋವಿಂದನನ್ನ ಪಂಪ ‘ಗೊಜ್ಜಿಗ’ ಅಂತಾನೆ. ಅವನು ಅರಿಕೇಸರಿಗೆ ಏನಾಗಬೇಕು? ಸೋದರಮಾವನ ಮಗ, ಹೆಂಡತಿಯ ಒಡಹುಟ್ಟಿದವನು. ಬಾಮೈದ.

ಜಗಳ ಹೇಗೆ ಹೊತ್ತಿಕೊಂಡಿತು ಅನ್ನೋದನ್ನ ಪಂಪ ಹೇಳ್ತಾನೆ. ಚಕ್ರವರ್ತಿಯ ಕೋಪಕ್ಕೆ ಗುರಿಯಾದ ಚಾಲುಕ್ಯ ಕುಲದ ವಿಜಯಾದಿತ್ಯ ಅರಿಕೇಸರಿಯ ಹತ್ತಿರ ಶರಣು ಬಂದ. ಅರಿಕೇಸರಿ ಅವನನ್ನ ಬಿಟ್ಟುಕೊಡಲಿಲ್ಲ. ಚಕ್ರವರ್ತಿ ಮಹಾಸಾಮಂತರ ದಂಡನ್ನ ಕಳಿಸಿದ. ಅರಿಕೇಸರಿ ಅವರನ್ನ ಸೋಲಿಸಿದ. ಅಲ್ಲಿಗೇ ನಿಲ್ಲಲಿಲ್ಲ. ತನ್ನನ್ನ ನಂಬಿ ಬಂದ ಬದ್ದೆಗನಿಗೆ ಸಾಮ್ರಾಜ್ಯವನ್ನೇ ನಿಲ್ಲಿಸಿಕೊಟ್ಟ.

ಈ ಬದ್ದೆಗ ಅರಿಕೇಸರಿಯ ಮುತ್ತಜ್ಜ ಅಲ್ಲ. ಮುಮ್ಮಡಿ ಅಮೋಘವರ್ಷನಿಗೂ ಬದ್ದೆಗ ಅಂತಲೇ ಹೆಸರು. ಇವನು ಇಂದ್ರನ ಮಲಸಹೋದರ, ಅಂದ್ರೆ ಗೋವಿಂದನಿಗೂ ರೇವಕನಿಗೂ ಅಪ್ಪನ ಕಡೆಯ ಹಿರಿಯ. ಇವನ ಹೆಂಡತಿ ಕುಂದಕದೇವಿ ಇವತ್ತಿನ ಜಬಲ್‌ಪುರದ ಹತ್ತಿರದ ತ್ರಿಪುರಿಯ ಕಲಚುರಿ ರಾಜ ಯುವರಾಜನ ಮಗಳು. ಪಟ್ಟಕ್ಕೆ ಬರೋ ಮುಂಚೆ ಅವನು ಮಾವನ ಮನೆಯ ಆಶ್ರಯದಲ್ಲೇ ಕಾಲ ಕಳೆದ ಅನ್ನೋದು ಇತಿಹಾಸಕಾರರ ಅಭಿಪ್ರಾಯ. 935-36ರ ಹೊತ್ತಿಗೆ ಅವನು ಮಾನ್ಯಖೇಟದ ಸಿಂಹಾಸನದ ಮೇಲೆ ಕೂತ.

ಈಗ ಲಾಂ ಊರಿನ ಲೂಯಿಯನ್ನ ನೆನಪು ಮಾಡಿಕೊಳ್ಳಿ. ಅಲ್ಲಿ ತಾಯಿಯ ತವರಿನಿಂದ ಬಂದ ರಾಜ, ಇಲ್ಲಿ ಹೆಂಡತಿಯ ತವರಿನಿಂದ ಬಂದ ರಾಜ. ಅಲ್ಲಿ ಕರೆತಂದವನು ಡ್ಯೂಕ್, ಇಲ್ಲಿ ಸಾಮಂತ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರೋ ಸಾಧ್ಯತೆಯೇ ಇಲ್ಲ. ಒಂದೇ ರೀತಿಯ ವ್ಯವಸ್ಥೆ ಒಂದೇ ರೀತಿ ಬಿರುಕು ಬಿಡುತ್ತೆ.

ಗೆದ್ದವರು ಆಮೇಲೆ ಏನು ಬರೆಸಿದರು ಅನ್ನೋದೂ ನೋಡಬೇಕು. ಅಮೋಘವರ್ಷನ ಮಗ ಮುಮ್ಮಡಿ ಕೃಷ್ಣ 940ರಲ್ಲಿ ಕೊಟ್ಟ ದೇವಳಿ ತಾಮ್ರಶಾಸನದ ಪ್ರಕಾರ ಗೋವಿಂದ ಹೆಂಗಸರ ಕಣ್ಣಿನ ಬಲೆಯಲ್ಲಿ ಸಿಕ್ಕಿ, ಎಲ್ಲರಿಗೂ ಬೇಡವಾಗಿ ಹಾಳಾದ. ಸಾಮಂತರೆಲ್ಲ ಸೇರಿ ಅಮೋಘವರ್ಷನನ್ನ ಬೇಡಿಕೊಂಡರು. ಅರಿಕೇಸರಿಯ ಹೆಸರಿಲ್ಲ, ‘ಸಾಮಂತರು’ ಅಷ್ಟೇ. ಪಂಪನ ಪ್ರಕಾರ ಮಾಡಿದ್ದೆಲ್ಲ ಅರಿಕೇಸರಿ. ರಿಲೀಸ್ ಆದ ಮೇಲೆ ಮ್ಯಾನೇಜರ್ ಕಳಿಸೋ ಮೇಲ್ ಒಂದು ಥರ ಇರುತ್ತೆ, ರಾತ್ರಿ ಕೂತು ಕೆಲಸ ಮಾಡಿದವನ ಗೆಳೆಯ ಹೇಳೋ ಕಥೆ ಇನ್ನೊಂದು ಥರ ಇರುತ್ತೆ. ಎರಡನ್ನೂ ಓದಬೇಕು.

ಈ ಎಲ್ಲ ದಾಖಲೆಗಳಲ್ಲಿ ರೇವಕನಿರ್ಮಡಿ ಒಂದು ಹೆಸರಾಗಿ ಬರ್ತಾಳೆ. ಇಂದ್ರನ ಮಗಳು, ಅರಿಕೇಸರಿಯ ಮಡದಿ. ಗಂಡ ಹೊರಟಿದ್ದು ಅವಳ ಒಡಹುಟ್ಟಿದವನ ಸೈನ್ಯದ ಮೇಲೆ, ಗೆಲ್ಲಿಸಿದ್ದು ಅವಳ ಅಪ್ಪನ ಮಲಸಹೋದರನನ್ನ. ಹೆಣ್ಣು ಕೊಟ್ಟು ಕಟ್ಟಿದ ಒಪ್ಪಂದ ಮುರಿದಾಗ ಆ ಮುರಿದ ಜಾಗದಲ್ಲಿ ನಿಂತಿರುವವಳು ಆ ಹೆಣ್ಣೇ. ವಂಶಾವಳಿ ಓದುವಾಗ ನಾವು ಗಂಡಸರ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೆಳಗಿಳೀತೀವಿ. ಒಮ್ಮೆ ಹೆಂಗಸರ ಹೆಸರಿನ ಮೇಲೆ ಬೆರಳಿಟ್ಟು ಓದಿ. ಜಾಕವ್ವೆ, ರೇವಕನಿರ್ಮಡಿ, ಲೋಕಾಂಬಿಕೆ, ಕುಂದಕದೇವಿ. ಹತ್ತನೇ ಶತಮಾನದ ದಖ್ಖನಿನ ನಕ್ಷೆ ಆಗ ಬೇರೆ ಥರ ಕಾಣುತ್ತೆ.

ಜೋಳದ ಪಾಳಿ

ಈಗ ಪಂಪ.

902ರಲ್ಲಿ ಹುಟ್ಟಿದವನು. ಅಪ್ಪನ ಕಡೆಯವರು ವೆಂಗಿ ನಾಡಿನವರು, ಇವತ್ತಿನ ಆಂಧ್ರದ ಕರಾವಳಿ. ತಾಯಿ ಅಬ್ಬಣಬ್ಬೆ, ಧಾರವಾಡ ಕಡೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆಯವಳು. ಅಪ್ಪ ವೈದಿಕ ಮನೆತನದಲ್ಲಿ ಹುಟ್ಟಿ ಜೈನ ಧರ್ಮಕ್ಕೆ ಬಂದವರು. 941ರ ಹೊತ್ತಿಗೆ, ಅಂದ್ರೆ ನಲವತ್ತರ ಹತ್ತಿರದ ವಯಸ್ಸಿನಲ್ಲಿ, ಎರಡು ಕಾವ್ಯ ಮುಗಿಸಿದ. ಆದಿಪುರಾಣಕ್ಕೆ ಮೂರು ತಿಂಗಳು, ವಿಕ್ರಮಾರ್ಜುನ ವಿಜಯಕ್ಕೆ ಆರು ತಿಂಗಳು ಅಂತ ಅವನದೇ ಲೆಕ್ಕ. ಅರಿಕೇಸರಿ ಕೊಟ್ಟ ಬಹುಮಾನ ಧರ್ಮವುರ ಅನ್ನೋ ಅಗ್ರಹಾರ. ಗೋದಾವರಿ ದಂಡೆಯ ಇವತ್ತಿನ ಧರ್ಮಪುರಿ ಅದು ಅಂತ ಗುರುತಿಸ್ತಾರೆ.

ಕಾವ್ಯದ ತಂತ್ರ ನಿಮಗೆ ಶಾಲೆಯಲ್ಲೇ ಹೇಳಿರ್ತಾರೆ: ಅರ್ಜುನನನ್ನ ಅರಿಕೇಸರಿ ಜೊತೆ ಸಮೀಕರಿಸಿದ. ಒಡೆಯನಿಗೆ ಒಪ್ಪುವ ಹಾಗೆ ಕಥೆಯನ್ನೂ ತಿದ್ದಿದ. ಪಂಪನಲ್ಲಿ ದ್ರೌಪದಿ ಐವರ ಹೆಂಡತಿ ಅಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಪಟ್ಟಾಭಿಷೇಕ ಧರ್ಮರಾಯನಿಗಲ್ಲ, ಅರ್ಜುನನಿಗೆ. ಪಕ್ಕದಲ್ಲಿ ಪಟ್ಟದ ರಾಣಿಯಾಗಿ ಕೂರೋದು ಸುಭದ್ರೆ. ಇದನ್ನ ಓದಿದಾಗಲೆಲ್ಲ ನನಗೆ ಅನ್ನಿಸೋದು ಇಷ್ಟು: ಸುಭದ್ರೆ ಅರ್ಜುನನಿಗೆ ಏನಾಗಬೇಕು? ಕುಂತಿಯ ಅಣ್ಣ ವಸುದೇವನ ಮಗಳು. ಸೋದರಮಾವನ ಮಗಳು. ರೇವಕನಿರ್ಮಡಿ ಅರಿಕೇಸರಿಗೆ ಏನಾಗಬೇಕೋ ಅದೇ. ಸಭೆಯಲ್ಲಿ ಕಾವ್ಯ ಕೇಳ್ತಾ ಕೂತವರಿಗೆ ಇದು ಹೊಳೆಯದೇ ಇರೋಕೆ ಸಾಧ್ಯವಾ?

ಇಷ್ಟೇ ಆಗಿದ್ದರೆ ಪಂಪ ಒಬ್ಬ ಒಳ್ಳೆ ಹೊಗಳುಭಟ್ಟ ಅಂತ ಹೇಳಿ ಮುಂದೆ ಹೋಗಬಹುದಿತ್ತು. ಹಾಗಾಗದೇ ಇರೋದಕ್ಕೆ ಕಾರಣ ಕರ್ಣ.

ಆ ಕಾಲದ ಕನ್ನಡದಲ್ಲಿ ‘ಜೋಳದ ಪಾಳಿ’ ಅಂತ ಒಂದು ಮಾತಿತ್ತು. ಅನ್ನದ ಋಣ. ಯಾರ ಜೋಳ ಉಂಡೆಯೋ ಅವರಿಗಾಗಿ ಪ್ರಾಣ ಕೊಡೋ ಕರ್ತವ್ಯ. ಪಂಪನ ಕರ್ಣ ಇದರ ಮೂರ್ತಿ. ಕೃಷ್ಣ ಬಂದು ನೀನು ಕುಂತಿಯ ಮಗ, ರಾಜ್ಯ ನಿನ್ನದೇ ಅಂದಾಗಲೂ ಅವನು ದುರ್ಯೋಧನನನ್ನ ಬಿಡೋದಿಲ್ಲ. ರಕ್ತಸಂಬಂಧ ಒಂದು ಕಡೆ, ಉಂಡ ಋಣ ಇನ್ನೊಂದು ಕಡೆ. ಅವನು ಋಣವನ್ನ ಆರಿಸಿಕೊಳ್ತಾನೆ, ಸಾಯ್ತಾನೆ. ಪಂಪ ಅವನನ್ನ ಅದೆಷ್ಟು ಪ್ರೀತಿಯಿಂದ ಬೆಳೆಸ್ತಾನೆ ಅಂದ್ರೆ ಅರ್ಜುನನಿಗಾಗಿ ಬರೆದ ಕಾವ್ಯದಲ್ಲಿ ನಮ್ಮ ಕಣ್ಣು ಒದ್ದೆಯಾಗೋದು ಕರ್ಣನಿಗೆ.

ಈ ಕಾವ್ಯ ಯಾರ ಮುಂದೆ ಓದಿದ್ದು? ಐದಾರು ವರ್ಷದ ಹಿಂದೆ ತನ್ನ ಒಡೆಯನ ವಿರುದ್ಧವೇ ಕತ್ತಿ ಎತ್ತಿದ ಸಾಮಂತನ ಮುಂದೆ. ಅರಿಕೇಸರಿಗೆ ಅವನದೇ ಸಮರ್ಥನೆ ಇತ್ತು: ಶರಣು ಬಂದವನನ್ನ ಬಿಟ್ಟುಕೊಡಬಾರದು. ಅದೂ ದೊಡ್ಡ ಧರ್ಮವೇ. ಒಂದು ಕಡೆ ಜೋಳದ ಪಾಳಿ, ಇನ್ನೊಂದು ಕಡೆ ಶರಣಾಗತ ರಕ್ಷಣೆ. ಅರಿಕೇಸರಿ ಎರಡನೆಯದನ್ನ ಆರಿಸಿದ. ಅವನ ಕವಿ ಅವನದೇ ಸಭೆಯಲ್ಲಿ ಮೊದಲನೆಯದನ್ನ ಹಾಡಿದ. ಅರಿಕೇಸರಿ ಕವಿಯನ್ನ ಓಡಿಸಲಿಲ್ಲ, ಅಗ್ರಹಾರ ಕೊಟ್ಟ. ಇಬ್ಬರ ದೊಡ್ಡತನವೂ ನನಗೆ ಕಾಣೋದು ಇಲ್ಲಿ.

ಕಂಪನಿ ಬದಲಾಯಿಸೋವಾಗ ನಾವೆಲ್ಲ ಸಣ್ಣ ಪ್ರಮಾಣದಲ್ಲಿ ಇದೇ ತೂಕ ಮಾಡ್ತೀವಿ. ಕಲಿಸಿದವರ ಋಣ, ನಂಬಿದ ಟೀಮು, ಬೆಳೆಯೋ ಆಸೆ. ಒಂದು ವ್ಯತ್ಯಾಸ ಮರೆಯಬಾರದು: ನೋಟಿಸ್ ಪೀರಿಯಡ್ ಮುಗಿಸಿದ ಮೇಲೆ ನಮ್ಮ ತಲೆ ಭುಜದ ಮೇಲೇ ಇರುತ್ತೆ. ಅವರಿಗೆ ಆ ಗ್ಯಾರಂಟಿ ಇರಲಿಲ್ಲ.

ಕುರಿಕ್ಯಾಲದ ಬಂಡೆ

ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದಲ್ಲಿ ಕುರಿಕ್ಯಾಲ ಅಂತ ಊರು. ಪಕ್ಕದ ಬೊಮ್ಮಲಗುಟ್ಟ ಬೆಟ್ಟದ ಬಂಡೆಯ ಮೇಲೆ ಜಿನರ ಮೂರ್ತಿಗಳು, ಚಕ್ರೇಶ್ವರಿಯ ಮೂರ್ತಿ, ಕೆಳಗೆ ಒಂದು ಶಾಸನ. ಕೆತ್ತಿಸಿದವನು ಜಿನವಲ್ಲಭ, ಪಂಪನ ತಮ್ಮ.

ಆ ಶಾಸನ ಮೂರು ಭಾಷೆಯಲ್ಲಿದೆ: ಸಂಸ್ಕೃತ, ಕನ್ನಡ, ತೆಲುಗು. ಪಂಪನ ಮನೆತನ, ಅಪ್ಪ-ಅಮ್ಮ, ಊರು, ಧರ್ಮವುರದ ಅಗ್ರಹಾರ, ಎಲ್ಲವೂ ಅದರಲ್ಲಿ ಬರುತ್ತೆ. ತೆಲುಗಿನ ಭಾಗದಲ್ಲಿರೋದು ಕಂದಪದ್ಯಗಳು. ತೆಲುಗಿನಲ್ಲಿ ನಮಗೆ ಸಿಗೋ ಅತಿ ಹಳೆಯ ಕಂದಗಳ ಸಾಲಿನಲ್ಲಿ ಇವು ಸೇರ್ತವೆ. ಅಣ್ಣ ಕನ್ನಡದ ಆದಿಕವಿ, ತಮ್ಮನ ಬಂಡೆ ತೆಲುಗು ಸಾಹಿತ್ಯದ ಮೈಲಿಗಲ್ಲು. ಒಂದೇ ತಾಯಿಯ ಮಕ್ಕಳು.

ಜಿನವಲ್ಲಭ ಬೆಟ್ಟದ ಬುಡದಲ್ಲಿ ತ್ರಿಭುವನತಿಲಕ ಅನ್ನೋ ಬಸದಿ, ಮದನವಿಲಾಸ ಅನ್ನೋ ತೋಟ, ಒಂದು ಕೆರೆ ಮಾಡಿಸಿದ. ಕೆರೆಗೆ ಇಟ್ಟ ಹೆಸರು ‘ಕವಿತಾಗುಣಾರ್ಣವ’. ಅದು ಪಂಪನ ಬಿರುದು. ಅರಿಕೇಸರಿಯ ಬಿರುದು ಗುಣಾರ್ಣವ. ಅದಕ್ಕೆ ಕವಿತೆ ಸೇರಿಸಿದರೆ ಪಂಪ. ಒಡೆಯನ ಬಿರುದು ಕವಿಗೆ, ಕವಿಯ ಬಿರುದು ತಮ್ಮ ಕಟ್ಟಿಸಿದ ಕೆರೆಗೆ.

ಮನೆತನ ಏನಾಯ್ತು

ಮುಂದಿನದು ಬೇಗ ಮುಗಿಯೋ ಕಥೆ. ಅರಿಕೇಸರಿಯ ನಂತರ ಬರೋ ಹೆಸರುಗಳು ಎರಡು ಕಡೆ ಸಿಗ್ತವೆ. 959ರಲ್ಲಿ ಜೈನ ಪಂಡಿತ ಸೋಮದೇವ ಸೂರಿ ಗಂಗಾಧರದಲ್ಲಿ ಕೂತು ಸಂಸ್ಕೃತದ ಯಶಸ್ತಿಲಕ ಚಂಪು ಮುಗಿಸಿದ. ಆಗ ಅಲ್ಲಿ ಆಳ್ತಿದ್ದವನು ಅರಿಕೇಸರಿಯ ಮಗ ವಾಗರಾಜ ಅಂತ ಅವನು ಬರೀತಾನೆ. ಆ ಹೊತ್ತಿಗೆ ಚಕ್ರವರ್ತಿ ಮುಮ್ಮಡಿ ಕೃಷ್ಣ ತಮಿಳುನಾಡಿನ ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದ. 966ರ ಪರ್ಭಣಿ ತಾಮ್ರಶಾಸನದಲ್ಲಿ ಅರಿಕೇಸರಿಯ 2ನೇ ತಲೆಮಾರು ಬರುತ್ತೆ: ಮಗ ಬದ್ದೆಗ ವೇಮುಲವಾಡದಲ್ಲಿ ಕಟ್ಟಿಸಿದ ಶುಭಧಾಮ ಜಿನಾಲಯಕ್ಕೆ ಮೊಮ್ಮಗ ಮುಮ್ಮಡಿ ಅರಿಕೇಸರಿ ಒಂದು ಹಳ್ಳಿ ದಾನ ಕೊಟ್ಟ. ಪಡೆದವನು ಅದೇ ಸೋಮದೇವ. ಅದರಲ್ಲಿ ಊರಿನ ಹೆಸರು ಲೆಂಬುಳಪಾಟಕ.

973ರಲ್ಲಿ ತೈಲಪ ರಾಷ್ಟ್ರಕೂಟರನ್ನ ಉರುಳಿಸಿ ಚಾಲುಕ್ಯರ ಹೆಸರನ್ನ ಮತ್ತೆ ಸಿಂಹಾಸನಕ್ಕೆ ತಂದ. ವೇಮುಲವಾಡದ ಚಾಲುಕ್ಯರು ಅದರ ಆಸುಪಾಸಿನಲ್ಲೇ ದಾಖಲೆಗಳಿಂದ ಮರೆಯಾಗ್ತಾರೆ. ಮೇಲಿನ ಮರ ಬಿದ್ದಾಗ ಅದನ್ನೇ ಹಬ್ಬಿಕೊಂಡಿದ್ದ ಬಳ್ಳಿಯೂ ಬಿತ್ತು.

ಫ್ರಾನ್ಸಿನಲ್ಲಿ ಉಲ್ಟಾ ಆಯ್ತು. ಹ್ಯೂ 956ರಲ್ಲಿ ಡ್ಯೂಕ್ ಆಗಿಯೇ ಸತ್ತ. ಅವನ ಮಗ ಹ್ಯೂ ಕಪೆ 987ರಲ್ಲಿ ರಾಜನಾದ. ಆ ವಂಶದ ನೇರ ಸಾಲು 1328ರವರೆಗೆ ಆಳಿತು. ಒಬ್ಬನ ಮೊಮ್ಮಕ್ಕಳು ಶತಮಾನಗಳ ಕಾಲ ರಾಜರು. ಇನ್ನೊಬ್ಬನ ಮೊಮ್ಮಗ ಒಂದು ತಾಮ್ರದ ತಗಡಿನಲ್ಲಿ ಕೊನೆಯ ಹೆಸರು. ಆದರೆ ಹ್ಯೂನ ಹೆಸರನ್ನ ಫ್ರೆಂಚ್ ಮಕ್ಕಳು ಪಾಠದಲ್ಲಿ ಓದಬೇಕಾದ ಕಾವ್ಯ ಯಾವುದೂ ಹೊತ್ತು ತಂದಿಲ್ಲ. ಅರಿಕೇಸರಿಯ ಹೆಸರನ್ನ ಹೊತ್ತ ಕಾವ್ಯ ಸಾವಿರ ವರ್ಷವಾದರೂ ಕರ್ನಾಟಕದ ಪ್ರತಿ ಕನ್ನಡ ತರಗತಿಯಲ್ಲಿದೆ.

ಹಾಗಾದ್ರೆ ಇದು ಯಾರದ್ದು?

ಈ ವಿಷಯ ಎತ್ತಿದಾಗಲೆಲ್ಲ ಎರಡು ಮಾತು ಬರ್ತವೆ. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ: ‘ನೋಡಿ, ತೆಲಂಗಾಣ ಎಲ್ಲ ನಮ್ಮದೇ ಆಗಿತ್ತು.’ ಆಫೀಸಿನ ತೆಲುಗು ಗೆಳೆಯರಿಂದ: ‘ನಿಮ್ಮ ಆದಿಕವಿ ನಮ್ಮವನು.’ ಎರಡೂ ಹೇಳೋಕೆ ಖುಷಿ. ಬಂಡೆ ಎರಡನ್ನೂ ಒಪ್ಪೋದಿಲ್ಲ.

ಅರಿಕೇಸರಿಯ ನೆಲ ಗೋದಾವರಿ ಕಡೆಯದು, ತಾಯಿ ಮಾನ್ಯಖೇಟದ ಮನೆಯವಳು. ಪಂಪನ ಅಪ್ಪನ ಊರು ವೆಂಗಿ ನಾಡಿನಲ್ಲಿ, ತಾಯಿಯ ಊರು ಅಣ್ಣಿಗೇರಿ. ಆಸ್ಥಾನದಲ್ಲಿ ಸಂಸ್ಕೃತ ಶಾಸನ, ಕನ್ನಡ ಕಾವ್ಯ. ಬೆಟ್ಟದ ಮೇಲೆ ತೆಲುಗು ಕಂದ. ಅವರಿಗೆ ಭಾಷೆ ಅಂದ್ರೆ ಗಡಿಕಲ್ಲು ಆಗಿರಲಿಲ್ಲ. ಯಾವ ಕೆಲಸಕ್ಕೆ ಯಾವ ಭಾಷೆ ಅನ್ನೋ ಆಯ್ಕೆ ಆಗಿತ್ತು. ತೆಲುಗು ಮೂಲದ ಅಪ್ಪನ ಮಗ ತನ್ನ ಜೀವಮಾನದ ಕೆಲಸಕ್ಕೆ ಕನ್ನಡವನ್ನ ಆರಿಸಿಕೊಂಡ ಅನ್ನೋದು, ‘ಇದು ನಮ್ಮ ಜಾಗ’ ಅನ್ನೋದಕ್ಕಿಂತ ದೊಡ್ಡ ಹೆಮ್ಮೆ ಅಂತ ನನ್ನ ಅಭಿಪ್ರಾಯ. ಜಾಗ ಕೈ ಬದಲಾಗುತ್ತೆ. 1956ರವರೆಗೆ ಕರೀಂನಗರವೂ ಕಲಬುರಗಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆಮೇಲೆ ವೇಮುಲವಾಡ ಆಂಧ್ರಪ್ರದೇಶಕ್ಕೆ, 2014ರಲ್ಲಿ ತೆಲಂಗಾಣಕ್ಕೆ, 2016ರಲ್ಲಿ ಹೊಸ ರಾಜನ್ನ ಸಿರಿಸಿಲ್ಲ ಜಿಲ್ಲೆಗೆ ಹೋಯ್ತು. ಕಾವ್ಯ ಇದ್ದಲ್ಲೇ ಇದೆ.

ಬನವಾಸಿಯನ್ನ ನೆನೆಯೋ ಪಂಪನ ಪದ್ಯ ನಿಮಗೆಲ್ಲ ಗೊತ್ತು. ಟೀ ಶರ್ಟಿನ ಮೇಲೆ, ಕಾರಿನ ಹಿಂದೆ, ನವೆಂಬರ್ ಸ್ಟೇಟಸ್ಸಿನಲ್ಲಿ ಇರುತ್ತೆ. ಅದು ವೇಮುಲವಾಡದ ಆಸ್ಥಾನಕ್ಕಾಗಿ ಬರೆದ ಕಾವ್ಯದೊಳಗಿನ ಪದ್ಯ. ಕನ್ನಡದಲ್ಲಿ ನಾಡಿನ ಮೇಲಿನ ಪ್ರೀತಿಗೆ ಅತಿ ದೊಡ್ಡ ಮಾತು ಹುಟ್ಟಿದ್ದು ಇವತ್ತಿನ ತೆಲಂಗಾಣದಲ್ಲಿ, ನೂರಾರು ಮೈಲಿ ದೂರದಿಂದ ಬನವಾಸಿಯ ಕಡೆ ನೋಡ್ತಾ ಇದ್ದ ಒಬ್ಬನ ಕೈಯಿಂದ. ಇಲ್ಲಿ ಹುಟ್ಟಿ ಬೆಳೀತಿರೋ ನಮ್ಮ ಮಕ್ಕಳು ‘ನಾವು ಎಲ್ಲಿಯವರು’ ಅಂತ ಕೇಳಿದಾಗ ಹೇಳೋಕೆ ಇದಕ್ಕಿಂತ ಒಳ್ಳೆ ಕಥೆ ನನ್ನ ಹತ್ತಿರ ಇಲ್ಲ.

ಕಲಬುರಗಿ ಕಡೆಯವರು ಊರಿಗೆ ಹೋಗೋ ಟ್ರೈನು ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಸ್ಟೇಷನ್ ಬರುತ್ತೆ. ಅದೇ ಮಾನ್ಯಖೇಟ, ಇಂದ್ರನ ಮನೆ. ಹೈದರಾಬಾದಿನಿಂದ ಉತ್ತರಕ್ಕೆ ಹೋದರೆ ಅಳಿಯನ ಮನೆ, ಪಶ್ಚಿಮಕ್ಕೆ ಹೋದರೆ ಮಾವನ ಮನೆ. ಒಂದು ಲಾಂಗ್ ವೀಕೆಂಡ್ ಸಿಕ್ಕರೆ ಎರಡನ್ನೂ ನೋಡಿ ಬರಬಹುದು. ಬೊಮ್ಮಲಗುಟ್ಟಕ್ಕೆ ಹೋಗೋದಾದ್ರೆ ಬಿಸಿಲೇರೋ ಮುಂಚೆ ಹೋಗಿ, ನೀರು ಜೊತೆಗಿಟ್ಟುಕೊಳ್ಳಿ, ಬಂಡೆಯ ಮೇಲೆ ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ತೆಲುಗು ಓದೋಕೆ ಬರೋ ಗೆಳೆಯರನ್ನೂ ಕರ್ಕೊಂಡು ಹೋಗಿ. ಆ ಶಾಸನ ಪೂರ್ತಿ ಓದಬೇಕಾದರೆ ಇಬ್ಬರೂ ಬೇಕು.

ಮುಂದಿನ ವಾರ ಸಿಗೋಣ. ನಮಸ್ಕಾರ.